ಬರೆಯುವ ಕೈ, ಹೊರುವ ತಲೆ

ಕಾದಂಬರಿಕಾರನ ನಿತ್ಯದ ದುಡಿಮೆ ಎಂಥದು? ಗಳಗನಾಥರ ಬಾಳು ಹೇಳುವ ಉತ್ತರ

ವಾರಪತ್ರಿಕೆ ಮನೆಗೆ ಬಂದ ದಿನ ಅದು ಮೊದಲು ಯಾರ ಕೈ ಸೇರಬೇಕೆಂಬುದಕ್ಕೆ ಎಷ್ಟೋ ಮನೆಗಳಲ್ಲಿ ಪುಟ್ಟದೊಂದು ಜಗಳ ನಡೆಯುವುದುಂಟು. ಕಳೆದ ವಾರ ಧಾರಾವಾಹಿಯ ನಾಯಕಿ ಬಾಗಿಲ ಬಳಿ ನಿಂತಿದ್ದಳು. ಬಾಗಿಲು ತಟ್ಟಿದವರಾರೆಂಬುದು ಈ ವಾರ ತಿಳಿಯಬೇಕಾಗಿದೆ. ಹೊಸ ಕಂತನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿ, ಕೊನೆಯಲ್ಲಿ ‘ಮುಂದುವರಿಯುವುದು’ ಎಂಬ ಮಾತನ್ನು ಕಂಡಾಗ ಕುತೂಹಲ ಇಮ್ಮಡಿಸುತ್ತದೆ. ಆಗಲೇ ಇನ್ನೊಂದು ಪ್ರಶ್ನೆಯೂ ವಾಚಕರ ಮನದಲ್ಲಿ ಸುಳಿದುಹೋಗುತ್ತದೆ: ಇಷ್ಟೊಂದು ಜನರನ್ನು ಹೀಗೆ ಕಾಯಿಸುವ ಕಥೆಗಾರ ಬರೆಯುವುದಾದರೂ ಹೇಗೆ?

ಈ ಪ್ರಶ್ನೆಗೆ ಲೋಕದಲ್ಲಿ ಒಂದು ಸಿದ್ಧ ಉತ್ತರವಿದೆ. ಲೇಖಕನೆಂದರೆ ಕೆದರಿದ ಕೂದಲಿನವನು. ಹಗಲೆಲ್ಲ ಶೂನ್ಯವನ್ನು ದಿಟ್ಟಿಸುವವನು. ನಡುರಾತ್ರಿಯಲ್ಲಿ ಸ್ಫೂರ್ತಿ ಬಂದೊಡನೆ ದೀಪ ಹೊತ್ತಿಸಿ ಬೆಳಗಾಗುವುದರೊಳಗೆ ಕೃತಿಯನ್ನು ಮುಗಿಸುವವನು. ಚಲನಚಿತ್ರಗಳಲ್ಲಿ ಈ ಚಿತ್ರ ಬಹಳ ಸೊಗಸಾಗಿ ಕಾಣುತ್ತದೆ. ಆದರೆ ಕಥೆಯನ್ನೇ ಕಾಯಕವನ್ನಾಗಿ ಮಾಡಿಕೊಂಡವರ ಬಾಳನ್ನು ಹತ್ತಿರದಿಂದ ನೋಡಿದರೆ ಕಣ್ಣಿಗೆ ಬೀಳುವುದು ಬೇರೆಯೇ ಒಂದು ಚಿತ್ರ. ಅಲ್ಲಿ ಒಕ್ಕಲಿಗನ ದಿನಚರಿಯಂತಹ ದಿನಚರಿಯಿದೆ; ಲೆಕ್ಕವಿದೆ, ಗಡುವಿದೆ; ಬರೆದದ್ದನ್ನು ಓದುವವರು ಯಾರೆಂಬ ಚಿಂತೆಯಿದೆ. ಈ ಮಾತಿಗೆ ನಿದರ್ಶನವಾಗಿ ನಿಲ್ಲುವ ಹಿರಿಯರೊಬ್ಬರು ಹಾವೇರಿಯ ಸೀಮೆಯಲ್ಲಿ ಬಾಳಿಹೋದರು. ವೆಂಕಟೇಶ ತಿರಕೋ ಕುಲಕರ್ಣಿ ಎಂದರೆ ಬಹು ಜನಕ್ಕೆ ಗುರುತು ಹತ್ತದು. ಗಳಗನಾಥ ಎಂದರೆ ಕನ್ನಡ ಕಾದಂಬರಿಯ ಚರಿತ್ರೆಯ ಮೊದಲ ಪುಟಗಳೇ ತೆರೆದುಕೊಳ್ಳುತ್ತವೆ.

ಕಥೆ ಬೆಳೆದ ನೆಲ

ಈಗಿನ ಹಾವೇರಿ ಜಿಲ್ಲೆ ಹುಟ್ಟಿದ್ದು ೧೯೯೭ರಲ್ಲಿ. ಅದಕ್ಕೆ ಮೊದಲು ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಜಿಲ್ಲೆ ಹೊಸದಾದರೂ ಅಲ್ಲಿಯ ಕಥೆ ಹೇಳುವ ಪರಂಪರೆ ಬಹಳ ಹಳೆಯದು. ಶಿಗ್ಗಾಂವಿಯ ಬಳಿಯ ಬಾಡ ಕನಕದಾಸರ ಊರು. ಭಕ್ತಿಯ ಕೀರ್ತನೆಗಳಷ್ಟೇ ಅಲ್ಲದೆ ‘ಮೋಹನತರಂಗಿಣಿ’, ‘ನಳಚರಿತ್ರೆ’, ‘ರಾಮಧಾನ್ಯ ಚರಿತ್ರೆ’ಗಳಂತಹ ಕಥಾಕಾವ್ಯಗಳನ್ನೂ ಅವರು ರಚಿಸಿದರು. ಅದೇ ತಾಲ್ಲೂಕಿನ ಶಿಶುವಿನಹಾಳದಲ್ಲಿ ಶರೀಫಸಾಹೇಬರು ಬಾಳಿದರು. ಹಿರೇಕೆರೂರ ತಾಲ್ಲೂಕಿನ ಅಬಲೂರಿನೊಡನೆ ಸರ್ವಜ್ಞನ ಹೆಸರು ಹೆಣೆದುಕೊಂಡಿದೆ. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಿಲಾಶಾಸನವಿರುವುದೂ ಅಲ್ಲಿಯೇ. ಕದಂಬರ ರಾಜಧಾನಿಗಳಲ್ಲೊಂದಾಗಿದ್ದ ಹಾನಗಲ್ಲನ್ನು ಜನ ಭಾರತದ ವಿರಾಟನಗರಿಯೆಂದೇ ನಂಬಿಕೊಂಡು ಬಂದಿದ್ದಾರೆ. ಸವಣೂರು ನವಾಬರ ಪಟ್ಟಣ. ಜ್ಞಾನಪೀಠ ಪ್ರಶಸ್ತಿಯ ವಿನಾಯಕ ಕೃಷ್ಣ ಗೋಕಾಕರು ೧೯೦೯ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ.

ಹಾನಗಲ್ಲ ಸೀಮೆಯನ್ನು ಹಾದು ಬರುವ ವರದಾ ನದಿ ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿ ಗಳಗನಾಥವೆಂಬ ಗ್ರಾಮವಿದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ನದಿಯ ದಂಡೆಯ ಮೇಲೆ ನಿಂತಿದೆ. ೧೮೬೯ರಲ್ಲಿ ಈ ಊರಿನಲ್ಲಿ ಹುಟ್ಟಿದ ವೆಂಕಟೇಶ ಕುಲಕರ್ಣಿಯವರು ಮುಂದೆ ಊರಿನ ಹೆಸರನ್ನೇ ತಮ್ಮ ಕಾವ್ಯನಾಮವನ್ನಾಗಿ ಮಾಡಿಕೊಂಡರು.

ಅಲ್ಲಿಯವರೆಗೆ ಈ ಸೀಮೆಯ ಕಥೆಗಳೆಲ್ಲ ಹಾಡಿನ ರೂಪದಲ್ಲಿದ್ದವು. ಷಟ್ಪದಿ, ಸಾಂಗತ್ಯ, ತ್ರಿಪದಿ, ತತ್ತ್ವಪದಗಳನ್ನು ಓದು ಬಾರದವರೂ ಕೇಳಿ ಕಲಿಯಬಹುದಾಗಿತ್ತು. ಕಾದಂಬರಿಯ ಮಾತು ಹಾಗಲ್ಲ. ಅದು ಗದ್ಯ, ನೂರಾರು ಪುಟಗಳದು, ಅಚ್ಚಿನ ಯಂತ್ರದಿಂದ ಹೊರಬರುವಂಥದು. ಅದಕ್ಕೆ ಅಕ್ಷರ ಬಲ್ಲ ವಾಚಕ ಬೇಕು. ೧೯೦೧ರ ಜನಗಣತಿಯ ಕಾಲದಲ್ಲಿ ಇಡೀ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದಾರು ಮಂದಿ ಮಾತ್ರ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಇದರ ಮೇಲೆ ಇನ್ನೊಂದು ತೊಡಕಿತ್ತು: ಓದುಬರಹ ಬಲ್ಲ ಮನೆತನಗಳಲ್ಲಿ ಅನೇಕರು ಓದುತ್ತಿದ್ದುದು ಮರಾಠಿಯನ್ನು. ಕಚೇರಿಯಲ್ಲಿ ಮರಾಠಿ, ನಾಟಕಶಾಲೆಯಲ್ಲಿ ಮರಾಠಿ, ಮನೆಯ ಗೂಡಿನಲ್ಲಿದ್ದ ಪುಸ್ತಕವೂ ಮರಾಠಿ. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳನ್ನು ತೆರೆಯಿಸಿದ್ದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆದರೆ ಶಾಲೆಯಲ್ಲಿ ಕನ್ನಡ ಕಲಿತ ಹುಡುಗ ಶಾಲೆ ಬಿಟ್ಟ ಮೇಲೆ ಓದುವುದೇನನ್ನು? ಆ ಬರಿಗೈಗೆ ಪುಸ್ತಕ ಕೊಡುವ ಕೆಲಸ ಇನ್ನೂ ಉಳಿದೇ ಇತ್ತು. ಗಳಗನಾಥರ ಬರಹದ ಅಭ್ಯಾಸಗಳೆಲ್ಲವೂ ರೂಪುಗೊಂಡುದು ಈ ಒಂದು ಕೊರತೆಯ ಎದುರಿನಲ್ಲಿ.

ಮಾಸ್ತರರ ಲೇಖನಿ

ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಗಳಗನಾಥರು ಕನ್ನಡ ಶಾಲೆಯ ಮಾಸ್ತರರಾದರು. ಆ ಕಾಲದ ಕನ್ನಡ ಶಾಲೆಯ ಮಾಸ್ತರಿಕೆಯೆಂದರೆ ಗೌರವ ಹೆಚ್ಚು, ಸಂಬಳ ಕಡಿಮೆ. ಆದರೆ ಕಥೆ ಬರೆಯುವವನಿಗೆ ಆ ವೃತ್ತಿ ಕಲಿಸಿಕೊಡುವ ಪಾಠಗಳು ಸಣ್ಣವಲ್ಲ. ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನಿಗೂ ಮಾತು ತಿಳಿಯಬೇಕು. ಅವನ ಕಣ್ಣು ಕಿಟಕಿಯ ಕಡೆ ಹೊರಳಿದೊಡನೆ ಪಾಠದ ದಾರಿಯನ್ನು ಬದಲಿಸಬೇಕು. ಒಮ್ಮೆ ಹೇಳಿದುದನ್ನು ಬೇಸರವಾಗದಂತೆ ಮತ್ತೊಮ್ಮೆ ಹೇಳಬೇಕು. ಗಳಗನಾಥರ ಗದ್ಯವನ್ನು ಓದಿದವರಿಗೆ ಈ ಮಾಸ್ತರರ ದನಿ ಅಲ್ಲಲ್ಲಿ ಕೇಳಿಸದೆ ಇರದು. ಅವರು ಕಥೆಯ ನಡುವೆ ನಿಂತು ವಾಚಕರನ್ನು ನೇರವಾಗಿ ಮಾತನಾಡಿಸುತ್ತಾರೆ; ನಡೆದುದರ ನೀತಿಯನ್ನು ಬಿಡಿಸಿ ಹೇಳುತ್ತಾರೆ; ಹಿಂದೆ ಬಿಟ್ಟುಬಂದ ಪಾತ್ರವನ್ನು ಕೈಹಿಡಿದು ಕರೆತಂದು ಮತ್ತೆ ಮುಂದೆ ನಿಲ್ಲಿಸುತ್ತಾರೆ.

ಅವರ ‘ಪ್ರಬುದ್ಧ ಪದ್ಮನಯನೆ’ ೧೮೯೮ರಲ್ಲಿ ಬೆಳಕು ಕಂಡಿತು. ಅದಕ್ಕೆ ವಿದ್ಯಾವರ್ಧಕ ಸಂಘದ ಬಹುಮಾನವೂ ದೊರೆಯಿತು. ಲೇಖಕರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಕನ್ನಡದಲ್ಲಿ ಕಾದಂಬರಿಯೆಂಬುದೇ ಅಪರೂಪವಾಗಿದ್ದ ದಿನಗಳವು. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಅಲ್ಲಿ ಅವರು, ಇಲ್ಲಿ ಇವರು. ಒಬ್ಬರ ಹಿಂದೆ ಬಂಗಾಳಿ, ಇನ್ನೊಬ್ಬರ ಹಿಂದೆ ಮರಾಠಿ. ಈ ಇಬ್ಬರೂ ಸೇರಿ ಕನ್ನಡ ವಾಚಕರೆಂಬ ಒಂದು ಹೊಸ ವರ್ಗವನ್ನೇ ಸೃಷ್ಟಿಸಿದರೆಂದು ವಿಮರ್ಶಕರು ಹೇಳುವುದು ಯಥಾರ್ಥವಾಗಿದೆ.

ತಿಂಗಳ ಗಡುವು

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಳಗನಾಥರ ಬಾಳು ಒಂದು ತಿರುವನ್ನು ಪಡೆಯಿತು. ಹಾವೇರಿಯ ಸಮೀಪದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವಿತ್ತು. ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಡತೊಡಗಿತು. ಗಳಗನಾಥರು ಮಾಸ್ತರಿಕೆಯಿಂದ ಪತ್ರಿಕೆಯ ಕೆಲಸಕ್ಕೆ ಹೊರಳಿದರು. ಅವರ ಕಾದಂಬರಿಗಳು ಅದರಲ್ಲಿ ಧಾರಾವಾಹಿಯಾಗಿ ಬರತೊಡಗಿದವು. ಮುಂದಿನ ವರ್ಷಗಳಲ್ಲಿ ಅವರೇ ‘ಸದ್ಗುರು’ ಎಂಬ ಇನ್ನೊಂದು ಮಾಸಪತ್ರಿಕೆಯನ್ನೂ ನಡೆಸಿದರು.

ಪತ್ರಿಕೆಗಾಗಿ ಕಾದಂಬರಿ ಬರೆಯುವುದೆಂದರೇನೆಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಪುಸ್ತಕಕ್ಕಾಗಿ ಬರೆಯುವವನಿಗೆ ಹಿಂದಿರುಗಿ ನೋಡುವ ಅವಕಾಶವಿದೆ. ಹತ್ತನೆಯ ಅಧ್ಯಾಯದಲ್ಲಿ ಹೊಸ ಯೋಚನೆ ಹೊಳೆದರೆ ಎರಡನೆಯ ಅಧ್ಯಾಯವನ್ನು ಹರಿದುಹಾಕಿ ಬೇರೆಯಾಗಿ ಬರೆಯಬಹುದು. ಧಾರಾವಾಹಿಯವನಿಗೆ ಆ ಭಾಗ್ಯವಿಲ್ಲ. ಅಚ್ಚಾಗಿ ಅಂಚೆಯಲ್ಲಿ ಹೋದ ಅಧ್ಯಾಯ ಬಿಟ್ಟ ಬಾಣವಿದ್ದಂತೆ. ಆದುದರಿಂದ ಕಥೆಯ ಕೊನೆ ಎಲ್ಲಿದೆಯೆಂಬುದು ಮೊದಲ ಕಂತು ಬರೆಯುವಾಗಲೇ ಅವನಿಗೆ ತಿಳಿದಿರಬೇಕು, ಇಲ್ಲವೆ ತಪ್ಪಿದ ದಾರಿಯನ್ನೇ ಸರಿದಾರಿಯಾಗಿ ಮಾಡುವ ಚಾತುರ್ಯವಿರಬೇಕು. ತಿಂಗಳ ಹಿಂದೆ ಓದಿದುದನ್ನು ವಾಚಕರು ಮರೆತಿರುತ್ತಾರೆ, ನೆನಪು ಮಾಡಿಕೊಡಬೇಕು. ಮುಂದಿನ ತಿಂಗಳವರೆಗೆ ಕಾಯುವ ಆಸೆಯನ್ನೂ ಹುಟ್ಟಿಸಬೇಕು. ಈ ನಡುವೆ ಲೇಖಕನಿಗೆ ಜ್ವರ ಬಂದರೂ ಮನೆಯಲ್ಲಿ ಮದುವೆಯಾದರೂ ಸಂಚಿಕೆಯ ಪುಟಗಳು ಬರಿದಾಗಿ ಉಳಿಯುವಂತಿಲ್ಲ. ಸಂಪಾದಕನೂ ತಾನೇ ಆಗಿದ್ದರೆ ಗಡುವು ಮೀರಿದ ಲೇಖಕನನ್ನು ಗದರಿಸುವವನೂ ತಾನೇ, ಗದರಿಸಿಕೊಳ್ಳುವವನೂ ತಾನೇ!

ಇದು ಗಳಗನಾಥರೊಬ್ಬರ ಪಾಡಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಮೊದಲ ಕಾದಂಬರಿಯನ್ನು ೧೮೩೬-೩೭ರಲ್ಲಿ ತಿಂಗಳ ಕಂತುಗಳಲ್ಲಿಯೇ ಹೊರಡಿಸಿದ. ಬಂಗಾಳದಲ್ಲಿ ಬಂಕಿಮಚಂದ್ರರು ೧೮೭೨ರಲ್ಲಿ ‘ಬಂಗದರ್ಶನ’ವನ್ನು ಆರಂಭಿಸಿ ತಮ್ಮ ಕಾದಂಬರಿಗಳನ್ನು ಅದರಲ್ಲಿ ಹರಿಯಬಿಟ್ಟರು. ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರು ೧೮೯೦ರಿಂದ ‘ಕರಮಣೂಕ’ ಎಂಬ ವಾರಪತ್ರಿಕೆಯನ್ನು ನಡೆಸಿ ಅದರ ಮೂಲಕವೇ ಮನೆಮನೆಯ ಕಥೆಗಾರರಾದರು. ಭಾರತದ ಅನೇಕ ಭಾಷೆಗಳಲ್ಲಿ ಕಾದಂಬರಿ ಅಂಬೆಗಾಲಿಟ್ಟು ನಡೆದುದು ಪತ್ರಿಕೆಯ ಅಂಗಳದಲ್ಲಿ. ಗಳಗನಾಥರು ಹಿಡಿದ ದಾರಿ ಅದೇ ಆಗಿತ್ತು.

ಆ ಕಾಲದಲ್ಲಿ ಪತ್ರಿಕೆಯೊಂದು ಹಳ್ಳಿಗೆ ಬಂದರೆ ಅದನ್ನು ಓದುವವನು ಒಬ್ಬ, ಕೇಳುವವರು ಹತ್ತು ಮಂದಿ. ದೇವಸ್ಥಾನದ ಕಟ್ಟೆಯಲ್ಲೋ ಮನೆಯ ಪಡಸಾಲೆಯಲ್ಲೋ ಕುಳಿತು ಗಟ್ಟಿಯಾಗಿ ಓದುವುದು ರೂಢಿ. ಪುರಾಣ ಕೇಳಿ ಬಲ್ಲ ಕಿವಿಗಳವು. ಗಳಗನಾಥರ ದೀರ್ಘವಾದ ವಾಕ್ಯಗಳು, ಹೆಜ್ಜೆಹೆಜ್ಜೆಗೂ ಬರುವ ಸಂಬೋಧನೆಗಳು, ವಿಸ್ತಾರವಾದ ವರ್ಣನೆಗಳು ಇಂದು ಒಂಟಿಯಾಗಿ ಮೌನವಾಗಿ ಓದುವವರಿಗೆ ಅತಿಯಾಗಿ ತೋರಬಹುದು. ಅವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿದರೆ ಪುರಾಣಿಕರ ಲಯ ಅವುಗಳಲ್ಲಿ ಅಡಗಿರುವುದು ತಿಳಿಯುತ್ತದೆ.

ಪರರ ಬೀಜ, ತನ್ನ ಹೊಲ

ಗಳಗನಾಥರು ಬರೆದ ಕಾದಂಬರಿಗಳ ಸಂಖ್ಯೆ ಇಪ್ಪತ್ತನ್ನು ಮೀರುತ್ತದೆ. ಅವುಗಳಲ್ಲಿ ಹಲವು ಮರಾಠಿಯಿಂದ, ಅದರಲ್ಲಿಯೂ ಆಪಟೆಯವರ ಕೃತಿಗಳಿಂದ ರೂಪಾಂತರಗೊಂಡವು. ಹಾಗಾದರೆ ಇವರನ್ನು ಸೃಷ್ಟಿಶೀಲ ಲೇಖಕರೆನ್ನಬಹುದೆ ಎಂಬ ಪ್ರಶ್ನೆ ಏಳಬಹುದು. ಇದಕ್ಕೆ ಉತ್ತರವನ್ನು ಒಂದು ಪುಸ್ತಕದ ಹೆಸರಿನಲ್ಲಿಯೇ ಕಾಣಬಹುದು.

೧೫೬೫ರಲ್ಲಿ ವಿಜಯನಗರದ ಸೇನೆ ದಕ್ಖನದ ಸುಲ್ತಾನರ ಎದುರು ಸೋತು, ಅಳಿಯ ರಾಮರಾಯ ಮಡಿದು, ಮಹಾನಗರ ಹಾಳಾದ ಪ್ರಸಂಗವನ್ನು ಆಪಟೆಯವರು ಕಾದಂಬರಿಯಾಗಿ ಬರೆದರು. ಅದರ ಹೆಸರು ‘ವಜ್ರಾಘಾತ’. ಅಂದರೆ ಸಿಡಿಲಿನ ಪೆಟ್ಟು. ಬರೆದವರು ಪುಣೆಯವರು, ಸಿಡಿಲು ಬಿದ್ದುದು ದೂರದ ಒಂದು ಸಾಮ್ರಾಜ್ಯದ ಮೇಲೆ. ಅದೇ ಕಥೆಯನ್ನು ಕನ್ನಡಕ್ಕೆ ತರುವಾಗ ಗಳಗನಾಥರು ಹೆಸರನ್ನು ಭಾಷಾಂತರಿಸಲಿಲ್ಲ. ‘ಕನ್ನಡಿಗರ ಕರ್ಮಕಥೆ’ ಎಂದು ಕರೆದರು. ಸಿಡಿಲು ಹೊರಗಿನಿಂದ ಬೀಳುತ್ತದೆ. ಕರ್ಮವನ್ನು ತಾನೇ ಮಾಡಿ ತಾನೇ ಉಣ್ಣಬೇಕು. ಒಂದು ರಾಜ್ಯದ ಪತನ ಹೀಗೆ ಒಂದು ಜನಾಂಗದ ಆತ್ಮಶೋಧನೆಯಾಯಿತು. ಹಂಪೆಯ ಹಾಳು ಗೋಡೆಗಳು ತನ್ನ ಮನೆಯವೇ ಎಂದು ಧಾರವಾಡ ಸೀಮೆಯ ವಾಚಕನಿಗೆ ಅನ್ನಿಸಬೇಕಾದರೆ ಕಥೆಯ ದೃಷ್ಟಿಯೇ ಬದಲಾಗಬೇಕಾಗಿತ್ತು. ರೂಪಾಂತರಕಾರನ ಕೈಚಳಕವೆಲ್ಲ ಇರುವುದು ಇಂತಹ ಕಡೆಗಳಲ್ಲಿ. ಬೀಜ ಪರರದಾದರೂ ಉತ್ತು, ಹದ ಮಾಡಿ, ನೀರೆರೆದ ಹೊಲ ತನ್ನದು.

ಆ ಹೊಲದಲ್ಲಿ ಸ್ವಂತದ ಬೀಜವೂ ಮೊಳೆಯಿತು. ೧೯೨೩ರಲ್ಲಿ ಹೊರಬಂದ ‘ಮಾಧವ ಕರುಣಾ ವಿಲಾಸ’ ಅವರ ಸ್ವತಂತ್ರ ಐತಿಹಾಸಿಕ ಕಾದಂಬರಿ. ಮಾಧವ ವಿದ್ಯಾರಣ್ಯರ ಆಶ್ರಯದಲ್ಲಿ ವಿಜಯನಗರ ಸಾಮ್ರಾಜ್ಯ ತಲೆಯೆತ್ತಿದ ಬಗೆಯನ್ನು ಅದು ಹೇಳುತ್ತದೆ. ಆಗ ಲೇಖಕರ ವಯಸ್ಸು ಐವತ್ತನ್ನು ದಾಟಿತ್ತು. ‘ಪದ್ಮನಯನೆ’ ಅಚ್ಚಾಗಿ ಇಪ್ಪತ್ತೈದು ವರ್ಷಗಳು ಸಂದಿದ್ದವು. ಆ ಅವಧಿಯಲ್ಲಿ ವಿಜಯನಗರದ ಇತಿಹಾಸದ ಬಗೆಗೆ ಜನರ ತಿಳಿವಳಿಕೆಯೂ ಬೆಳೆದಿತ್ತು. ರಾಬರ್ಟ್ ಸಿವೆಲ್ಲರ ಪ್ರಸಿದ್ಧ ಗ್ರಂಥ ೧೯೦೦ರಲ್ಲಿಯೂ, ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ೧೯೧೭ರಲ್ಲಿಯೂ ಪ್ರಕಟವಾಗಿದ್ದವು. ಒಂದು ಸಾಮ್ರಾಜ್ಯದ ಹುಟ್ಟಿಗೆ ಒಂದು ಕಾದಂಬರಿ, ಅದರ ಅಳಿವಿಗೆ ಇನ್ನೊಂದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಗಳಗನಾಥರು ಬರಿಯ ರಂಜನೆಗಾಗಿ ಕಥೆ ಹೇಳುತ್ತಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಕನ್ನಡ ನಾಡು ಆಗ ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಒಂದೇ ನಾಡಾಗಿದ್ದ ಕಾಲದ ನೆನಪನ್ನು ಕೊಡಬಲ್ಲುದು ಕಥೆಯೊಂದೇ ಆಗಿತ್ತು.

ಬರೆದು ಮುಗಿದ ಮೇಲೆ

ಬಹುಪಾಲು ಲೇಖಕರ ದಿನಚರಿ ಹಸ್ತಪ್ರತಿಯ ಕೊನೆಯ ಪುಟದೊಡನೆ ಮುಗಿಯುತ್ತದೆ. ಗಳಗನಾಥರ ಕೆಲಸದ ಅರ್ಧ ಭಾಗ ಆಮೇಲೆ ಮೊದಲಾಗುತ್ತಿತ್ತು. ಅವರು ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು, ಊರಿಂದೂರಿಗೆ ನಡೆದು, ಮನೆಮನೆಯ ಮುಂದೆ ನಿಂತು ಮಾರುತ್ತಿದ್ದರೆಂಬುದು ಆ ಸೀಮೆಯಲ್ಲಿ ಇಂದಿಗೂ ಹಿರಿಯರು ಕಿರಿಯರಿಗೆ ಹೇಳುವ ಮಾತು.

ಆಗ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿ ಹಾವೇರಿಯನ್ನು ಹಾದು ಹೋಗುತ್ತಿತ್ತು. ಹಾನಗಲ್ಲಿಗಾಗಲಿ, ಹಿರೇಕೆರೂರಿಗಾಗಲಿ, ಶಿಗ್ಗಾಂವಿಗಾಗಲಿ ರೈಲು ಇರಲಿಲ್ಲ. ಅಲ್ಲಿಯ ದಾರಿಗಳು ಎತ್ತಿನ ಗಾಡಿಯವು, ಕಾಲ್ನಡಿಗೆಯವು. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಗಾಡಿಯ ಗಾಲಿಯನ್ನೂ ಕಚ್ಚಿ ಹಿಡಿಯುತ್ತಿತ್ತು. ಪುಸ್ತಕದ ಅಂಗಡಿಯೆಂಬುದು ದೊಡ್ಡ ಪಟ್ಟಣದ ಮಾತು. ಅಂಥ ಸೀಮೆಯಲ್ಲಿ ಕಾದಂಬರಿ ಓದುಗರನ್ನು ಮುಟ್ಟಬೇಕಾದರೆ ಯಾರಾದರೂ ಅದನ್ನು ಹೊರಲೇಬೇಕಾಗಿತ್ತು. ಬರೆದವರೇ ಹೊತ್ತರು.

ಇದನ್ನು ಬಡತನದ ಕರುಣಾಜನಕ ಚಿತ್ರವೆಂದು ಮಾತ್ರ ನೋಡಿದರೆ ಅದರ ಅರ್ಥದ ಒಂದು ಮುಖ ಮರೆಯಾಗುತ್ತದೆ. ಮನೆಯ ಬಾಗಿಲಲ್ಲಿ ನಿಂತು ಪುಸ್ತಕ ಮಾರುವ ಲೇಖಕನಿಗೆ ತನ್ನ ವಾಚಕನ ಮುಖ ಕಾಣುತ್ತದೆ. ಯಾವ ಹೆಸರು ಕೇಳಿದೊಡನೆ ಜನ ಕೈ ಚಾಚುತ್ತಾರೆ, ಯಾವುದನ್ನು ತಿರುವಿ ನೋಡಿ ಹಿಂದಕ್ಕೆ ಕೊಡುತ್ತಾರೆ, ಹೆಣ್ಣುಮಕ್ಕಳಿಗೆ ಯಾವ ಕಥೆ ಬೇಕು, ಮುದುಕರಿಗೆ ಯಾವುದು ಬೇಕು ಎಂಬುದೆಲ್ಲ ನೇರವಾಗಿ ತಿಳಿಯುತ್ತದೆ. ಇಂದು ಪ್ರಕಾಶಕರು ಎಷ್ಟೋ ಹಣ ಸುರಿದು ತಿಳಿಯಬಯಸುವ ಸಂಗತಿ ಅವರಿಗೆ ಕಾಲು ನೋಯಿಸಿಕೊಂಡ ಮಾತ್ರಕ್ಕೆ ದೊರೆಯುತ್ತಿತ್ತು. ಹೀಗೆ ನೋಡಿದರೆ ಆ ನಡಿಗೆಯನ್ನೂ ಅವರ ಬರವಣಿಗೆಯ ಒಂದು ಭಾಗವೆಂದೇ ಎಣಿಸಬೇಕಾಗುತ್ತದೆ. ಬರೆಯುವ ಕೈ ಮತ್ತು ಹೊರುವ ತಲೆ ಒಬ್ಬರದೇ ಆದುದರಿಂದ ಒಂದರ ಪಾಠ ಇನ್ನೊಂದಕ್ಕೆ ಸಲ್ಲುತ್ತಿತ್ತು.

ಗಳಗನಾಥರ ಸಮಕಾಲೀನರಲ್ಲಿ ಇದಕ್ಕೆ ಸಾಟಿಯಾದ ಬಾಳು ಹಿಂದಿಯ ಪ್ರೇಮಚಂದರದು. ಅವರೂ ಮಾಸ್ತರಿಕೆಯಿಂದ ಬಂದವರು. ೧೯೨೧ರಲ್ಲಿ ಸರಕಾರಿ ನೌಕರಿ ಬಿಟ್ಟರು. ಮುದ್ರಣಾಲಯವನ್ನೂ ‘ಹಂಸ’ ಪತ್ರಿಕೆಯನ್ನೂ ನಡೆಸಿ ಸಾಲಕ್ಕೆ ಸಿಲುಕಿದರು. ಆದರೂ ೧೯೩೬ರಲ್ಲಿ ಕಣ್ಣು ಮುಚ್ಚುವವರೆಗೆ ಲೇಖನಿಯನ್ನು ಕೆಳಗಿಡಲಿಲ್ಲ.

ಒಬ್ಬೊಬ್ಬರದು ಒಂದೊಂದು ಹದ

ಎಲ್ಲ ಲೇಖಕರೂ ಒಂದೇ ಬಗೆಯಾಗಿ ಬರೆಯುವುದಿಲ್ಲ. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ ೨೫೦ ಪದಗಳಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. ಹೀಗೆ ಅವನು ೪೭ ಕಾದಂಬರಿಗಳನ್ನು ಬರೆದ. ಅವನ ಮರಣಾನಂತರ ೧೮೮೩ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಗುಟ್ಟು ಬಯಲಾದಾಗ ಅನೇಕರಿಗೆ ಅಸಮಾಧಾನವಾಯಿತು. ಕಲೆಗೆ ಗಡಿಯಾರವೆ? ಫ್ರಾನ್ಸಿನ ಬಾಲ್ಜಾಕನದು ಇದಕ್ಕೆ ತಿರುಗಾಮುರುಗ. ಸಂಜೆಗೇ ಮಲಗಿ, ನಡುರಾತ್ರಿಗೆ ಎದ್ದು, ಬಟ್ಟಲ ಮೇಲೆ ಬಟ್ಟಲು ಕಾಫಿ ಕುಡಿಯುತ್ತ ಬೆಳಗಿನವರೆಗೂ ಬರೆಯುತ್ತಿದ್ದ. ಗಳಿಗೆ ಬೇರೆಯಾದರೂ ಇಬ್ಬರೂ ಒಂದು ವಿಷಯದಲ್ಲಿ ಸಮಾನರು: ಸ್ಫೂರ್ತಿ ಬರಲೆಂದು ಯಾರೂ ಕಾಯುತ್ತ ಕೂಡಲಿಲ್ಲ.

ಸವಣೂರಿನ ಗೋಕಾಕರ ಹದ ಇನ್ನೊಂದು ಬಗೆಯದು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ಪ್ರಾಚಾರ್ಯರಾಗಿ, ಕುಲಪತಿಗಳಾಗಿ, ಆಡಳಿತದ ನಾನಾ ಹೊಣೆಗಳ ನಡುವೆ ಬರೆದವರು ಅವರು. ‘ಸಮರಸವೇ ಜೀವನ’ ಎಂಬ ಅವರ ಕಾದಂಬರಿ ಹಲವು ಭಾಗಗಳಾಗಿ ಬೆಳೆದು ಕನ್ನಡದ ಬೃಹತ್ ಕಾದಂಬರಿಗಳಲ್ಲಿ ಒಂದೆನಿಸಿತು. ಮುಂದೆ ೧೯೮೨ರಲ್ಲಿ ಬೆಳಕು ಕಂಡ ಅವರ ಮಹಾಕಾವ್ಯ ‘ಭಾರತ ಸಿಂಧುರಶ್ಮಿ’ ಸುಮಾರು ೩೫,೦೦೦ ಸಾಲುಗಳದು. ಬಿಡುವಿಲ್ಲದ ನೌಕರಿಯ ಜೊತೆಗೆ ಇಂತಹ ಕೃತಿಗಳು ಹುಟ್ಟಬೇಕಾದರೆ ಒಂದು ಕೃತಿಯನ್ನು ವರ್ಷಗಟ್ಟಲೆ ಮನದಲ್ಲಿ ಹೊತ್ತು ತಿರುಗುವ ತಾಳ್ಮೆ ಬೇಕು. ಮೈಸೂರು ಸರಕಾರದ ಅಧಿಕಾರಿಯಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಇದೇ ಬಗೆಯವರು. ಹಗಲು ಕಡತ, ಬಿಡುವಿನಲ್ಲಿ ಕಥೆ.

ತ್ರಿವೇಣಿಯವರ ಮಾತು ಗೃಹಿಣಿಯರಿಗೆ ಹೆಚ್ಚು ಆಪ್ತವಾದೀತು. ೧೯೬೩ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. 'ಅಪಸ್ವರ'ದಿಂದ ಮೊದಲ್ಗೊಂಡು ಸುಮಾರು ಹತ್ತು ವರ್ಷಗಳಲ್ಲಿ ಅವರು ಬರೆದ ಕಾದಂಬರಿಗಳು ಇಪ್ಪತ್ತರಷ್ಟು. ಕಾಲೇಜಿನಲ್ಲಿ ಓದಿದ್ದ ಮನಶ್ಶಾಸ್ತ್ರ ಅವರ ಕಥೆಗಳಿಗೆ ಬುನಾದಿಯಾಯಿತು. ಶಿವರಾಮ ಕಾರಂತರು ಕೆಲವೇ ದಿನಗಳಲ್ಲಿ ಒಂದು ಕಾದಂಬರಿಯನ್ನು ಮುಗಿಸಬಲ್ಲವರಾಗಿದ್ದರು. ಇಳಿವಯಸ್ಸಿನಲ್ಲಿ ಅವರು ಹೇಳುತ್ತ ಹೋದುದನ್ನು ಮಾಲಿನಿ ಮಲ್ಯರು ಬರೆದುಕೊಳ್ಳುತ್ತಿದ್ದರು. ಆ ವೇಗದ ಹಿಂದೆ ನಾಡೆಲ್ಲ ಸುತ್ತಿ ನೋಡಿದ ದಶಕಗಳ ಅನುಭವವಿತ್ತೆಂಬುದನ್ನು ಮರೆಯಬಾರದು. ಎಸ್. ಎಲ್. ಭೈರಪ್ಪನವರು ೧೯೭೯ರಲ್ಲಿ ಪ್ರಕಟವಾದ ‘ಪರ್ವ’ವನ್ನು ಬರೆಯುವ ಮೊದಲು ಗ್ರಂಥಗಳನ್ನು ಓದಿದುದಷ್ಟೇ ಅಲ್ಲ, ಮಹಾಭಾರತದ ನೆಲವನ್ನು ಹುಡುಕಿ ಉತ್ತರ ಭಾರತದಲ್ಲಿ, ಹಿಮಾಲಯದ ಸೀಮೆಯಲ್ಲಿ ಅಲೆದಾಡಿದರು.

ಇವರೆಲ್ಲರ ಪದ್ಧತಿಗಳು ಬೇರೆ ಬೇರೆ. ಆದರೂ ಒಂದು ಸಮಾನ ಸೂತ್ರ ಕಾಣದೆ ಇರದು. ಒಬ್ಬ ಲೇಖಕನ ಅಭ್ಯಾಸ ಹೇಗಿರಬೇಕೆಂಬುದನ್ನು ನಿರ್ಣಯಿಸುವುದು ಅವನ ಗಡಿಯಾರವಲ್ಲ, ಅವನ ಲೇಖನಿಯ ಬಗೆಯೂ ಅಲ್ಲ. ಯಾರಿಗಾಗಿ, ಯಾವ ಕೊರತೆಯನ್ನು ನೀಗಿಸಲೆಂದು ಬರೆಯುತ್ತಿದ್ದಾನೆಂಬ ಅರಿವು. ಭೈರಪ್ಪನವರ ಮುಂದೆ ಪ್ರಶ್ನಿಸಿ ಓದುವ ವಿದ್ಯಾವಂತ ವಾಚಕನಿದ್ದ. ತ್ರಿವೇಣಿಯವರ ಮುಂದೆ ತನ್ನ ನೋವನ್ನು ಹೇಳಿಕೊಳ್ಳಲಾರದ ಹೆಣ್ಣಿದ್ದಳು. ಗಳಗನಾಥರ ಮುಂದೆ ಇನ್ನೂ ವಾಚಕನೇ ಇರಲಿಲ್ಲ! ಅವನನ್ನು ಮೊದಲು ಸೃಷ್ಟಿಸಿಕೊಂಡು ಆಮೇಲೆ ಅವನಿಗಾಗಿ ಬರೆಯಬೇಕಾಗಿತ್ತು. ತಿಂಗಳು ತಪ್ಪದ ಪತ್ರಿಕೆ, ಕಿವಿಗೆ ಒಗ್ಗುವ ಗದ್ಯ, ಮನೆಬಾಗಿಲಿಗೆ ಬರುವ ಗಂಟು, ಈ ಮೂರೂ ಆ ಒಂದೇ ಕಾರ್ಯದ ಮೂರು ಹಂತಗಳು.

ಉಳಿದುದೇನು?

ಇಷ್ಟು ದುಡಿದ ಗಳಗನಾಥರಿಗೆ ಸಿರಿತನವೇನೂ ಒದಗಲಿಲ್ಲ. ೧೯೪೨ರಲ್ಲಿ ಅವರು ತೀರಿಕೊಂಡಾಗ ಕನ್ನಡ ಕಾದಂಬರಿ ಬೇರೆಯೇ ಹಾದಿಯಲ್ಲಿ ಬಹು ದೂರ ಸಾಗಿತ್ತು. ಕಾರಂತರ ‘ಚೋಮನ ದುಡಿ’, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಗಳು ಆಗಲೇ ಬಂದಿದ್ದವು. ಹೊಸ ತಲೆಮಾರಿನ ವಿಮರ್ಶಕರಿಗೆ ಗಳಗನಾಥರ ಕಥೆಗಳಲ್ಲಿ ಉಪದೇಶ ಹೆಚ್ಚೆನಿಸಿತು; ಒಳ್ಳೆಯವರು ತೀರ ಒಳ್ಳೆಯವರಾಗಿ, ಕೆಟ್ಟವರು ತೀರ ಕೆಟ್ಟವರಾಗಿ ಕಂಡರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹೊಸ ಕಾದಂಬರಿಕಾರರ ಸೂಕ್ಷ್ಮವಾದ ಕಥೆಗಳನ್ನು ಕೊಂಡು ಓದಿದ ತಂದೆತಾಯಿಗಳಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ಕಥೆ ಓದುವ ಚಟ ಹತ್ತಿಸಿಕೊಂಡುದು ಗಳಗನಾಥರ, ವೆಂಕಟಾಚಾರ್ಯರ ಪುಸ್ತಕಗಳಿಂದ ಎಂಬುದೂ ಅಷ್ಟೇ ನಿಜ. ಕೆರೆ ಕಟ್ಟಿಸಿದವರ ಹೆಸರು ನೀರು ಕುಡಿಯುವವರಿಗೆ ಸದಾ ನೆನಪಿರುವುದಿಲ್ಲ.

೨೦೨೩ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ೮೬ನೆಯ ಅಧಿವೇಶನ ಹಾವೇರಿಯಲ್ಲಿ ನಡೆಯಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ಈಗ ಅಲ್ಲಿಗೆ ಬಸ್ಸಿನಲ್ಲಿ ಒಂದೆರಡು ಗಂಟೆಗಳ ದಾರಿ. ಸಮ್ಮೇಳನವೆಂದ ಮೇಲೆ ಪುಸ್ತಕದ ಮಳಿಗೆಗಳು ಇದ್ದೇ ಇರುತ್ತವೆ. ಜನ ಕಿಕ್ಕಿರಿದು ನಿಂತು ಪುಸ್ತಕ ಆರಿಸುವುದೂ ಇದ್ದೇ ಇರುತ್ತದೆ. ನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಪುಸ್ತಕವೇ ಓದುಗರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಈಗ ಓದುಗರು ಪುಸ್ತಕವನ್ನು ಹುಡುಕಿಕೊಂಡು ಬರುತ್ತಾರೆ. ನಡುವಿನ ದಾರಿಯನ್ನು ಸವೆಸಿದವರಲ್ಲಿ ಗಳಗನಾಥದ ಆ ಮಾಸ್ತರರು ಮೊದಲಿಗರು.

ಕಾದಂಬರಿ ಬರೆಯಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಅನೇಕ ಮನೆಗಳಲ್ಲಿದ್ದಾರೆ. ಯಾವ ಹೊತ್ತಿನಲ್ಲಿ ಬರೆಯಬೇಕು, ದಿನಕ್ಕೆ ಎಷ್ಟು ಪುಟ ಬರೆಯಬೇಕು ಎಂದು ಅವರು ಹಿರಿಯರನ್ನು ಕೇಳುವುದು ಸಹಜ. ಅದನ್ನು ಅವರವರ ಮನೆಯ ಅನುಕೂಲವೇ ತೀರ್ಮಾನಿಸಲಿ. ಬರೆದುದನ್ನು ತಲೆಯ ಮೇಲೆ ಹೊತ್ತು, ಕೆಸರಿನ ದಾರಿಯಲ್ಲಿ ನಾಲ್ಕು ಹರದಾರಿ ನಡೆದು, ಅಪರಿಚಿತರ ಬಾಗಿಲಲ್ಲಿ ನಿಂತು ಕೊಡುವಷ್ಟು ಅದರ ಮೇಲೆ ತನಗೆ ನಂಬಿಕೆಯಿದೆಯೆ ಎಂಬುದನ್ನು ಮಾತ್ರ ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದೆ.